ಮರಗಳ ಹಾಗೆ ಕಂಡ ಜನ

ಮಂಗಳವಾರ, ಮಧ್ಯಾಹ್ನ ಎರಡೂವರೆ
ಕನ್ನಡಕದ ಅಂಗಡಿ, ಬಾಗಿಲು ಅರ್ಧ ಎಳೆದಿದ್ದೀನಿ

ಪ್ರೀತಿಯ ಸೂಜಿ,

ಹೇಗಿದ್ದೀಯೋ? ಇದನ್ನ ಪತ್ರ ಅಂತಲೇ ತಿಳ್ಕೋ. ಮೊದಲು ಕಾಗದದ ಮೇಲೇ ಬರೆಯೋಕೆ ಕೂತಿದ್ದೆ. ಎರಡು ಸಾಲು ಬರೆದ ಮೇಲೆ ಹೊಳೀತು, ಇದನ್ನ ನಿನಗೆ ಓದಿ ಹೇಳೋರು ಯಾರು? ನಿನ್ನ ಹೆಂಡ್ತಿ, ನಮ್ಮ ಅತ್ತಿಗೆ. ಅವರ ಬಾಯಲ್ಲಿ ನೀನು ಇದನ್ನ ಕೇಳೋದು ಬೇಡ ಅನ್ನಿಸ್ತು. ಕಾಗದ ಹರಿದು, ಫೋನಲ್ಲೇ ಮಾತಾಡಿ ರೆಕಾರ್ಡ್ ಮಾಡ್ತಿದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಒಬ್ಬನೇ ಕೇಳು. ರೇಡಿಯೋ ಶುರುವಾಯ್ತು ಅಂತ ನಗಬೇಡ. ಆ ಹೆಸರಿಟ್ಟವನು ನೀನೇ. ಇವತ್ತು ಈ ರೇಡಿಯೋ ಮಾತಾಡ್ತಿರೋದು, ಮಾತಾಡಬೇಕಾದಾಗ ಬಾಯಿ ಮುಚ್ಕೊಂಡಿದ್ದರ ಬಗ್ಗೆ.

ಕಳೆದ ಗುರುವಾರ ನಾವು ಬೈಬಲ್ ಓದೋಕೆ ಸೇರೋ ಬೇಕರಿ ಹಿಂದಿನ ಕೋಣೆಯಲ್ಲಿ ಟೀಚರಮ್ಮ ಹೇಳಿದರಲ್ಲ, ಮುಂದಿನ ವಾರ ಆ ಕುರುಡನ ಕಥೆಯನ್ನೇ ಮತ್ತೊಂದು ಸಲ ಓದೋಣ, ಸೂಜಿ ಎರಡು ಮಾತಾಡಲಿ ಅಂತ. ನೀನು ಹಿಟ್ಟಿನ ಮೂಟೆ ತಡಕಾಡಿ ಹಿಡ್ಕೊಂಡು ಎದ್ದೆ. "ತಪ್ಪೆಲ್ಲ ನಂದೇ. ಟೈಮಿಗೆ ಸರಿಯಾಗಿ ಡಾಕ್ಟರ ಹತ್ರ ಹೋಗಲಿಲ್ಲ. ಆದ್ರೂ ಇಷ್ಟು ದಿನ ಹೊಲಿಗೆ ಮೆಷಿನ್ ತುಳಿದೆ ಅಂದ್ರೆ ಅದು ರೇಡಿಯೋ ಕೊಟ್ಟ ಕನ್ನಡಕದಿಂದ. ಗುರುವಾರ ಎಲ್ಲರ ಮುಂದೆ ಅವನಿಗೊಂದು ಥ್ಯಾಂಕ್ಸ್ ಹೇಳ್ಬೇಕು" ಅಂದೆ. ಪಕ್ಕದಲ್ಲಿ ಅತ್ತಿಗೆ, "ಈಗ ಹೇಳ್ತಾರೆ ನೋಡಿ ತಪ್ಪು ನಂದೇ ಅಂತ. ಹೋಗಿ ತೋರಿಸ್ಕೊಳ್ಳಿ ಅಂತ ನಾನು ಬಡ್ಕೊಂಡಾಗ ಕಿವಿಗೆ ಬಿತ್ತಾ?" ಅಂದರು. ನೀನು ತಲೆ ತಗ್ಗಿಸಿದೆ. ನಾನು ಬನ್ ತಿಂತಾ ಕೂತಿದ್ದೆ. ಉಳಿದರ್ಧ ಹಾಗೇ ತಟ್ಟೆಗೆ ಇಟ್ಟೆ.

ಆ ಥ್ಯಾಂಕ್ಸ್ ಬೇಡ ಕಣೋ. ಅದನ್ನ ನಿಲ್ಲಿಸೋಕೆ ಇಷ್ಟೆಲ್ಲ ಪೀಠಿಕೆ.

ಹೋದ ವರ್ಷ ನೀನು ಅಂಗಡಿಗೆ ಬಂದಿದ್ದು ನೆನಪು ಮಾಡ್ಕೋ. ನಾನು ಕೊಟ್ಟ ಹೊಸ ಕನ್ನಡಕಕ್ಕೆ ಮೂರು ತಿಂಗಳೂ ಆಗಿರಲಿಲ್ಲ. ಬದಿಯಲ್ಲಿ ಏನೋ ಕತ್ತರಿಸಿ ತೆಗೆದ ಹಾಗಿದೆ ಅಂದೆ. ಕಟಿಂಗ್ ಮೇಜಿನ ಅಂಚು ದಿನಾ ತೊಡೆಗೆ ಬಡಿಯುತ್ತೆ ಅಂದೆ. ನಾನು, "ಮೇಜು ಅಲ್ಲೇ ಇದೆ, ನಿನ್ನ ಹೊಟ್ಟೆ ಮುಂದೆ ಬಂದಿದೆ" ಅಂತ ನಗಾಡಿದೆ. ನೀನೂ ನಕ್ಕೆ. ಆಮೇಲೆ ನಿನ್ನನ್ನ ಕುರ್ಚಿ ಮೇಲೆ ಕೂರಿಸಿ, ನನ್ನ ಮೂಗನ್ನೇ ನೋಡು ಅಂತ ಹೇಳಿ, ಜೇಬಿಂದ ಪೆನ್ನು ತೆಗೆದು ನಿನ್ನ ಕಿವಿ ಪಕ್ಕದಿಂದ ನಿಧಾನಕ್ಕೆ ಮುಂದೆ ತಂದೆ. ಕಂಡ ಕೂಡಲೇ ಹೇಳು ಅಂದೆ. ಯಾರೇ ಆದರೂ ಪೆನ್ನು ಕಿವಿ ದಾಟೋ ಹೊತ್ತಿಗೆ ಹೂಂ ಅಂತಾರೆ. ನೀನು ಸುಮ್ಮನಿದ್ದೆ. ಕೆನ್ನೆ ದಾಟ್ತು, ಸುಮ್ಮನಿದ್ದೆ. ಪೆನ್ನು ಹೆಚ್ಚುಕಮ್ಮಿ ನಿನ್ನ ಮೂಗಿನ ಮುಂದೆ ಬಂದಾಗ, "ಹಾಂ, ಬಂತು" ಅಂದೆ. ಎಡಕ್ಕೂ ಅಷ್ಟೇ, ಬಲಕ್ಕೂ ಅಷ್ಟೇ.

ಅದರ ಅರ್ಥ ನನಗೆ ಗೊತ್ತಿತ್ತು ಸೂಜಿ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯ್ತಾ ಬಂದರೆ ಬದಿಯ ನೋಟ ಮೊದಲು ಹೋಗುತ್ತೆ. ಹೋದದ್ದು ವಾಪಸ್ ಬರಲ್ಲ, ಇರೋದನ್ನ ಮಾತ್ರ ಉಳಿಸಬಹುದು. ನನ್ನ ಮೇಜಿನ ಮೇಲೆ ಡಾಕ್ಟರಿಗೆ ಬರೆದುಕೊಡೋ ಚೀಟಿ ಪುಸ್ತಕವೇ ಇದೆ. ಒಂದು ಹಾಳೆ ಹರಿದು ನಿನ್ನ ಕೈಗಿಡೋಕೆ ಎಷ್ಟು ಹೊತ್ತು? ಆದರೆ ಬೇಕರಿಯಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆನಲ್ಲ, ಸೂಜಿ ಕಣ್ಣು ನಾನು ನೋಡಿದ್ದೀನಿ, ಇನ್ನು ಹತ್ತು ವರ್ಷ ಯೋಚನೆ ಇಲ್ಲ ಅಂತ. ಮೂರೇ ತಿಂಗಳಿಗೆ ಡಾಕ್ಟರ ಹತ್ರ ಕಳಿಸಿದರೆ ನನ್ನ ಮರ್ಯಾದೆ ಏನಾಗಬೇಕು? ನಂಬರ್ ಸ್ವಲ್ಪ ಏರಿಸಿ ಇನ್ನೊಂದು ಗ್ಲಾಸ್ ಹಾಕಿ ಕಳಿಸಿದೆ. ಇನ್ನೊಂದು ಸಲ ಬಂದರೆ ಚೀಟಿ ಕೊಟ್ಟರಾಯ್ತು ಅಂದುಕೊಂಡೆ. ಆಮೇಲೆ ಮರೆತೆ. ನಿಜವಾಗಲೂ ಮರೆತೆ. ದಿನಕ್ಕೆ ಮೂವತ್ತು ಮುಖ ನೋಡ್ತೀನಿ, ತಲೆಯಿಂದ ಹೋಯ್ತು.

ಒಂದು ನಿಮಿಷ, ಯಾರೋ ಬಂದರು.

ಬಂದೆ. ಪಕ್ಕದ ಬೀದಿ ಅಜ್ಜಿ. ಸ್ಕ್ರೂ ಬಿಗಿ ಮಾಡಿ ಕೊಡು ಅಂತ ಬಂದರೆ ಅವರ ಕಿವಿ ಪಕ್ಕ ಪೆನ್ನು ಆಡಿಸಿದೆ. "ಇದೇನಪ್ಪಾ, ಸೊಳ್ಳೆ ಓಡಿಸ್ತಿದ್ದೀಯಾ?" ಅಂದರು. ಈಗ ನಾಲ್ಕು ತಿಂಗಳಿಂದ ಬಂದೋರಿಗೆಲ್ಲ ಇದೇ ಮಾಡ್ತೀನಿ. ಜನ ನನಗೇನೋ ಆಗಿದೆ ಅಂದುಕೊಂಡಿದ್ದಾರೆ.

ಇನ್ನು ಹೋದ ವರ್ಷದ ಆ ಗುರುವಾರದ ವಿಷಯ. ಮೊದಲ ಸಲ ಕುರುಡನ ಕಥೆ ಓದಿದ್ದು. ನಮ್ಮ ಕೋಣೆ ನಿಯಮ ಗೊತ್ತಲ್ಲ, ಕಥೆ ಓದಿ ಮುಗಿದ ಮೇಲೆ ಒಬ್ಬೊಬ್ಬರೂ "ಈ ಕಥೆಯಲ್ಲಿ ನಾನು ಯಾರು" ಅಂತ ಹೇಳಬೇಕು. ಐದು ರೊಟ್ಟಿ ಕಥೆ ಓದಿದ ದಿನ ಬೇಕರಿಯವನು, "ಐದು ರೊಟ್ಟಿಗೆ ಐದು ಸಾವಿರ ಜನ ಉಂಡರೆ ನಾನು ಓವನ್ ಮುಚ್ಕೊಂಡು ಹೋಗೋದೇ" ಅಂದಿದ್ದ, ಅಲ್ವಾ? ನಾನಂತೂ ಯಾವ ಕಥೆಯಲ್ಲೂ ಒಳ್ಳೆಯವನೇ. ಒಂದು ದಿನ ಗಾಯಾಳುವನ್ನ ಎತ್ತಿಕೊಂಡು ಹೋದ ಸಮಾರ್ಯದವನು, ಇನ್ನೊಂದು ದಿನ ದಾರಿ ತಪ್ಪಿದ ಮಗನನ್ನ ಕ್ಷಮಿಸಿದ ಅಪ್ಪ. ಹುಂಜ ಕೂಗೋಷ್ಟರಲ್ಲಿ ಶಿಷ್ಯ ಪೇತ್ರ ಮೂರು ಸಲ ಯೇಸು ಯಾರೋ ಗೊತ್ತಿಲ್ಲ ಅಂದ ಕಥೆ ಬಂದಾಗ ನಾನು ಹುಂಜ ಅಂದಿದ್ದೆ, ಎಲ್ಲರನ್ನೂ ಎಬ್ಬಿಸೋನು!

ಆ ದಿನ ಟೀಚರಮ್ಮ ಓದಿದರು. ಯೇಸು ಕುರುಡನ ಕೈ ಹಿಡಿದು ಊರಾಚೆ ಕರ್ಕೊಂಡು ಹೋಗಿ, ಕಣ್ಣಿಗೆ ಉಗುಳು ಹಚ್ಚಿ, ಕೈಯಿಟ್ಟು, ಏನಾದರೂ ಕಾಣ್ತಿದೆಯಾ ಅಂತ ಕೇಳ್ತಾನೆ. ಜನ ಕಾಣ್ತಾರೆ, ಆದರೆ ಮರಗಳು ನಡೆದಾಡೋ ಹಾಗೆ ಕಾಣ್ತಾರೆ ಅಂತಾನೆ ಕುರುಡ. ಆಗ ಯೇಸು ಇನ್ನೊಂದು ಸಲ ಕೈಯಿಡ್ತಾನೆ. ಎಲ್ಲ ಸ್ಪಷ್ಟ ಆಗುತ್ತೆ.

ಯಾವತ್ತೂ ಕೊನೆಗೆ ಮಾತಾಡೋ ನೀನು ಆವತ್ತು ಮೊದಲೇ ಬಾಯಿಬಿಟ್ಟೆ. "ನಾನು ಆ ಕುರುಡ. ನನಗೂ ಜನ ಮರದ ಹಾಗೇ ಕಾಣ್ತಾರೆ. ಕಾಂಡ ಮಾತ್ರ. ಕೈ, ಭುಜ, ಕೊಂಬೆ ಯಾವುದೂ ಇಲ್ಲ" ಅಂದೆ. ಬೇಕರಿಯವನು, "ಏನು ಮಾತು ಸೂಜಿ!" ಅಂದ. ನನಗೆ ತಡೆಯೋಕಾಗಲಿಲ್ಲ. ನಾವು ಒಬ್ಬರನ್ನೊಬ್ಬರು ಪೂರ್ತಿ ನೋಡೋದೇ ಇಲ್ಲ, ಗಿರಾಕಿ ಅಂತ ನೋಡ್ತೀವಿ, ಬಾಡಿಗೆಯವನು ಅಂತ ನೋಡ್ತೀವಿ, ಮನುಷ್ಯ ಅಂತ ನೋಡೋಕೆ ಎರಡನೇ ಸಲ ಕೈ ಬೇಕು ಅಂತ ಅರ್ಧ ಗಂಟೆ ಕೊರೆದೆ. ಟೀಚರಮ್ಮ ನೋಟ್‌ಬುಕ್ಕಲ್ಲಿ ಬರ್ಕೊಂಡರು. ನಿನ್ನ ಮಾತಿಗೆ ನಾನು ಕೊಟ್ಟ ಅರ್ಥವನ್ನ!

ಹೊರಗೆ ಬರುವಾಗ ಮೆಟ್ಟಿಲ ಹತ್ರ ನೀನು ನನ್ನ ತೋಳು ಹಿಡಿದೆ. "ಅಲ್ವೋ, ನಾನು ಹೇಳಿದ್ದು ಅಷ್ಟೆಲ್ಲ ದೊಡ್ಡದಲ್ಲ. ಸುಮ್ಮನೆ ಕಂಡಿದ್ದನ್ನ ಹೇಳಿದೆ" ಅಂದೆ. ನಾನು ಬೆನ್ನು ತಟ್ಟಿ, "ಇದಕ್ಕೇ ವಿನಯ ಅನ್ನೋದು ಕಣೋ" ಅಂದೆ.

ಬೆಳಗ್ಗಿಂದ ಸಂಜೆವರೆಗೆ ನಾನು ಕೇಳೋ ಪ್ರಶ್ನೆ ಒಂದೇ. ಈಗ ಕಾಣ್ತಿದೆಯಾ? ಇದು ಚೆನ್ನಾಗಿದೆಯಾ, ಅದಾ? ಆ ಕಥೆಯಲ್ಲಿ ಯೇಸು ಕೇಳೋದೂ ಅದೇ. ಕೇಳಿ, ಉತ್ತರಕ್ಕೆ ಕಿವಿಗೊಡ್ತಾನೆ. ಮೊದಲ ಸಲ ಸರಿಹೋಗಿಲ್ಲ ಅಂತ ಒಪ್ಪಿಕೊಂಡು ಮತ್ತೆ ಕೈಯಿಡ್ತಾನೆ. ಅವನಿಗಿಲ್ಲದ ಮರ್ಯಾದೆ ಪ್ರಶ್ನೆ ಈ ಕನ್ನಡಕದವನಿಗೆ.

ಆಮೇಲೆ ಏಳು ತಿಂಗಳಿಗೆ ನೀನು ಸೈಕಲ್‌ಗೆ ಡಿಕ್ಕಿ ಹೊಡ್ಕೊಂಡು ಬಿದ್ದೆ, ಅತ್ತಿಗೆ ಎಳ್ಕೊಂಡು ಹೋಗಿ ತೋರಿಸಿದರು. ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಲ್ಲಿ ಗುಂಡಿಯ ತೂತಿನಷ್ಟು ಉಳಿದಿದೆ ಅಂದರು ಡಾಕ್ಟರು. ಹೋದ ವರ್ಷ ನಾನು ಚೀಟಿ ಕೊಟ್ಟಿದ್ದರೆ ನೀನಿವತ್ತು ಮೆಷಿನ್ ಮುಂದೆ ಇರ್ತಿದ್ದೆ. ತಪ್ಪು ನಿಂದಲ್ಲ. ನೀನು ಬಂದಿದ್ದೆ. ತೋರಿಸಿದ್ದೆ. ಎರಡು ಸಲ ಬಾಯಿಬಿಟ್ಟು ಹೇಳಿದ್ದೆ. ಕೇಳಿಸ್ಕೊಳ್ಳದವನು ನಾನು.

ಗುರುವಾರ ನನ್ನ ಬಗ್ಗೆ ಏನೂ ಹೇಳಬೇಡ, ಅಷ್ಟು ಸಾಕು. ಅತ್ತಿಗೆಗೂ ಈಗಲೇ ಹೇಳಬೇಡ. ಸಮಯ ನೋಡಿ ಯಾವತ್ತಾದರೂ ನಾನೇ ಹೇಳ್ತೀನಿ. ಎಡಗಣ್ಣಿಗೆ ಹನಿ ತಪ್ಪಿಸಬೇಡ, ಬೆಳಿಗ್ಗೆ ಒಂದು, ಸಂಜೆ ಒಂದು. ಉಳಿದಿರೋದು ಉಳೀಬೇಕು. ನನ್ನ ಮೇಲೆ ಸಿಟ್ಟು ಬಂದರೆ ಬಯ್ಯಿ, ಕೇಳಿಸ್ಕೋತೀನಿ. ಸುಮ್ಮನೆ ಮಾತ್ರ ಇರಬೇಡ.

ನಿನ್ನ,
ರೇಡಿಯೋ

ಮರೆತ ಮಾತು: ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಕಳಿಸೋ ಮೊದಲು ನಾನೇ ಒಂದು ಸಲ ಕೇಳಿದೆ. ಮರೆತೆ, ನಿಜವಾಗಲೂ ಮರೆತೆ ಅಂತ ಎರಡೆರಡು ಸಲ ಹೇಳಿದ್ದೀನಿ. ಸುಳ್ಳು ಕಣೋ. ಆ ಎರಡನೇ ಗ್ಲಾಸ್ ಹಾಕಿಕೊಟ್ಟ ಖುಷಿಗೆ ನನಗೊಂದು ನೀಲಿ ಅಂಗಿ ಹೊಲಿದು ಕೊಟ್ಟಿದ್ದೆಯಲ್ಲ? ಬಸ್ಸಲ್ಲಿ ಕಳೆದುಹೋಯ್ತು ಅಂದಿದ್ದೆ. ಕಳೆದಿಲ್ಲ. ಬೀರುವಿನ ತಳದಲ್ಲಿದೆ. ಮೊದಲ ದಿನ ಹಾಕ್ಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿದೆ. ನೆಲಕ್ಕೆ ಬಿತ್ತು. ಮತ್ತೆ ಸಿಕ್ಕಿಸಿದೆ, ಮತ್ತೆ ಬಿತ್ತು. ನೋಡಿದರೆ ಜೇಬಿನ ಎಡಬದಿಗೆ ಹೊಲಿಗೆಯೇ ಕೂತಿಲ್ಲ. ನಿನ್ನ ಹೊಲಿಗೆ ಜೇಬಿನ ಅಂಚು ಬಿಟ್ಟು, ಪಕ್ಕದ ಬರೀ ಬಟ್ಟೆ ಮೇಲೆ, ಒಂದು ಚೂರೂ ಸೊಟ್ಟ ಇಲ್ಲದೆ ನೆಟ್ಟಗೆ ಓಡಿತ್ತು. ಬಗ್ಗಿ ಎತ್ತಿಕೊಂಡಿದ್ದು ನಿನ್ನ ಕಿವಿ ಪಕ್ಕ ಹಿಡಿದಿದ್ದ ಅದೇ ಪೆನ್ನು. ನಿನಗೆ ತೋರಿಸೋಕಾಗದೆ ಅಂಗಿ ಬಚ್ಚಿಟ್ಟೆ. ಕುರುಡನ ಕಥೆ ಓದಿದ್ದು ಅದಾದ ಮುಂದಿನ ವಾರ.

ಈ ಗುರುವಾರ ಅದನ್ನೇ ಹಾಕ್ಕೊಂಡು ಬರ್ತೀನಿ. ಈ ಕಥೆಯಲ್ಲಿ ನಾನು ಯಾರು ಅಂತ ಎಲ್ಲರ ಮುಂದೆ ಹೇಳ್ತೀನಿ. ನೀನು ನನ್ನ ಎದೆ ಮೇಲೆ ಕೈಯಿಡು, ನಿನ್ನ ಬೆರಳಿಗೆ ಕಾಣುತ್ತೆ. ಅಷ್ಟರವರೆಗೆ ಅತ್ತಿಗೆ ಇನ್ನೂ ಎರಡು ದಿನ ನಿನ್ನನ್ನ ಬಯ್ಯೋದು ಬೇಡ. ಇಯರ್‌ಫೋನ್ ತೆಗೆದುಬಿಡು. ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮೊದಲಿಂದ ಹಾಕು.