ಅಲಾರಂ ಆಫ್ ಆಗಿದೆಯಂತೆ

ನೆಲ ಒರೆಸುವ ಅಕ್ಕನಿಗೆ,

ಇದನ್ನು ಮಗಳ ಕೈಲಿ ಓದಿಸಿಕೊಳ್ಳಿ. ಗೋದಾಮಿನಿಂದ ಇಂಗ್ಲಿಷಿನಲ್ಲಿ ಫೋನ್ ಬಂದಾಗ, "ಅಲಾರಂ ಆಫ್ ಆಗಿದೆಯಂತೆ, ನಿಮ್ಮ ಕೆಲ್ಸ ನೋಡ್ಕೊಳ್ಳಿ" ಎಂದು ನಿಮ್ಮನ್ನು ಗದರಿದೆ. ಬೆಂಕಿಯ ಅಲಾರಂ 'ವೆಂಟ್ ಆಫ್' ಎಂದರೆ ನಿಂತುಹೋಯಿತು ಎಂದಲ್ಲ, ಬಡಿದುಕೊಂಡಿತು ಎಂದರ್ಥವಂತೆ. ಆಮೇಲೆ ನಿಘಂಟು ನೋಡಿದೆ.

ಹೊಗೆಯ ವಾಸನೆ ಹಿಡಿದವರು ನೀವು. ನಿಮ್ಮ ಮಾತಿಗೆ ಹೊಲಿಗೆಯ ಹೆಂಗಸರು ಏಳಲಾರರೆಂದು, "ಸೂಪರ್‌ವೈಸರ್ ಹೇಳಿದಾರೆ, ಎಲ್ರೂ ಹೊರಗೆ ನಡೀರಿ!" ಎಂದು ಕೂಗಿದಿರಿ.

ಎಲ್ಲರೂ ಬದುಕಿಕೊಂಡರು. ಉಳಿಸಿದ್ದು ನಾನೆಂದು ನಾಳೆ ಮಾಲೀಕರ ಬಹುಮಾನ ನನಗೆ. ನಿಜ ಹೇಳಲು ಎರಡು ಸಲ ಮಾಲೀಕರ ಬಾಗಿಲ ತನಕ ಹೋಗಿ ಹಾಗೇ ಹಿಂದಿರುಗಿದೆ. ದಯವಿಟ್ಟು ನಾಳೆ ರಜೆ ಹಾಕಬೇಡಿ. ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ನಿಮ್ಮ ಮುಖ ನೋಡಿಕೊಂಡು ಆ ಬಹುಮಾನಕ್ಕೆ ಕೈಯೊಡ್ಡಲು ನನ್ನಿಂದಾಗದು.

ಇಂಗ್ಲಿಷ್ ಬಲ್ಲೆನೆಂದು ಮೆರೆದ,
ನಿಮ್ಮ ಸೂಪರ್‌ವೈಸರ್