ಬುಗ್ಗಮ್ಮನ ಗೋಡೆ

ನವೆಂಬರ್ 9, ಮಾಗನೂರು. ಬೆಳಿಗ್ಗೆ 8

ಪೂಜೆ ಮುಗಿಯಿತು. ಹನುಮಪ್ಪನಿಗೆ ಇವತ್ತು ಬರೀ ತುಳಸಿ. ಚೆಂಡುಹೂ ತರುವ ಬುಗ್ಗಮ್ಮ ಊರು ಬಿಡುವ ಗಡಿಬಿಡಿಯಲ್ಲಿದ್ದಾಳೆ. ಗಂಡ ಸಾಯಣ್ಣನ ಜೊತೆ ಪುಣೆಗೆ, ಕಟ್ಟಡದ ಕೆಲಸಕ್ಕೆ. ಬರುವುದು ಸಂಕ್ರಾಂತಿಗೆ.

ಅವರ ಮನೆ ಗುಡಿಯ ಬೆನ್ನಿಗೇ ಇದೆ. ಸೂರಿಗೆ ಮಣ್ಣು ಹರವಿದ ಮಾಳಿಗೆ. ಕೀಲಿ ತಂದು ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದಳು. ನಾನು ಮಡಿಯಲ್ಲಿದ್ದೆ.

"ಚಳಿಗಾಲದಾಗ ಮಾಳಿಗಿ ಬಿರೀತೈತ್ರಿ ಆಚಾರ್ರ. ಮ್ಯಾಲೆ ಮಳಿ ಬಂದ್ರ ಸೋರ್ತೈತಿ. ಆಗಾಗ ಒಳಗ ಹೋಗಿ ಗ್ವಾಡಿ ನೋಡ್ರಿ. ಝಾನ್ಸಿ ಬರದದ್ದು ಐತಿ."

ಝಾನ್ಸಿ ಅವಳ ಒಬ್ಬಳೇ ಮಗಳು. ಒಂಬತ್ತು ವರ್ಷ. ಹೋದ ಆಷಾಢದಲ್ಲಿ ಜ್ವರ ಬಂತು, ಎರಡೇ ದಿನ, ಹೋಗಿಬಿಟ್ಟಳು. ಊರು ತೆಲಂಗಾಣಕ್ಕೆ ಸೇರಿದ್ದು, ಶಾಲೆಯಲ್ಲಿ ತೆಲುಗು ಮೀಡಿಯಂ. ಕನ್ನಡ ಅಕ್ಷರ ಕಲಿಸಿದ್ದು ನಾನು, ಇದೇ ಕಟ್ಟೆಯ ಮೇಲೆ ಕೂತು. ಮನೆಯ ಸುಣ್ಣದ ಗೋಡೆಗೆ ಇದ್ದಿಲಿನಿಂದ ಏನೋ ಬರೆದಿದ್ದಾಳಂತೆ. ಗೋಡೆ ಹೊಲಸು ಮಾಡಿದಳೆಂದು ಬುಗ್ಗಮ್ಮ ಅಂದು ಹೊಡೆದಳಂತೆ. ಈಗ ಅದಕ್ಕೆ ಸುಣ್ಣ ಹಚ್ಚಲು ಯಾರನ್ನೂ ಬಿಡುವುದಿಲ್ಲ.

ಗಂಡ ಹೆಂಡತಿ ಇಬ್ಬರಿಗೂ ಓದಲು ಬಾರದು. ಓಣಿಯಲ್ಲಿ ಕನ್ನಡ ಓದುವವರು ನಾನು, ನನ್ನ ಹೆಂಡತಿ ವಿಜಯಾಬಾಯಿ, ಅಷ್ಟೇ. "ಬಂದು ಓದಿ ಹೇಳ್ರಿ" ಎಂದು ಆಷಾಢದಿಂದ ಕೇಳುತ್ತಿದ್ದಾಳೆ. ಹೂಂ ಹೂಂ ಎನ್ನುತ್ತ ಬಂದೆ. ಸಂಕ್ರಾಂತಿಗೆ ಖಂಡಿತ ಎಂದೆ.

ನವೆಂಬರ್ 21

ಓಣಿಯ ಆಶಪ್ಪ ಗಾಡಿ ತುಂಬ ಚೌಳು ಮಣ್ಣು ತಂದ. ಮಾಳಿಗೆಗೆ ಇದೇ ಬೇಕು, ಬೇರೆ ಮಣ್ಣು ನೀರು ತಡೆಯುವುದಿಲ್ಲ. ಬುಗ್ಗಮ್ಮನ ಮಾಳಿಗೆ ಆಗಲೇ ಬಿರುಕು ಬಿಟ್ಟಿತ್ತು... ಹಗಲು ಬಿಸಿಲು, ಬೆಳಗಿನ ಜಾವ ಇಬ್ಬನಿ. ನಾನೇ ಏಣಿ ಹತ್ತಿ ಮಣ್ಣು ಹರವಿದೆ. ತುಳಿದು ಗಟ್ಟಿ ಮಾಡಿದೆ. ಅರವತ್ತೆರಡರ ಮೈಗೆ ಇದು ಕಡಿಮೆ ಕೆಲಸವಲ್ಲ. ಇಬ್ಬನಿ ಬೀಳದಿರಲೆಂದು ಬೆಳಕಿಂಡಿಯ ಮೇಲೆ ಬಂಡೆಗಲ್ಲು ಎಳೆದೆ.

ನೀರು ಹೊರಗೆ ಬೀಳುವ ದೋಣಿಯ ಬಳಿ ತಗ್ಗಿತ್ತು. ಅಲ್ಲಿ ಇನ್ನೆರಡು ಬುಟ್ಟಿ ಸುರಿದೆ. ಕೆಳಗಿನಿಂದ ಆಶಪ್ಪ: "ದೋಣಿ ಹತ್ರ ಅಷ್ಟು ಹಾಕಬ್ಯಾಡ್ರಿ. ಮಳಿ ಬಂದ್ರ ಹರದು ಬಂದು ಬಾಯಿ ಕಟ್ತೈತಿ."

ನನಗೆ ಹೇಳಿಕೊಡಲು ಬಂದ. ಕೇಳಿಸದವನ ಹಾಗೆ ಸುರಿದೆ.

ಡಿಸೆಂಬರ್ 2

ಸಮುದ್ರದ ಕಡೆ ಗಾಳಿ ಎದ್ದಿದೆಯಂತೆ. ಇಲ್ಲಿ ನಿನ್ನೆಯಿಂದ ಜಿಟಿಜಿಟಿ. ಒಣ ಹಾಕಿದ ಮಡಿ ಒಣಗುತ್ತಿಲ್ಲ. ಬುಗ್ಗಮ್ಮನ ಮಾಳಿಗೆ ಗಟ್ಟಿಯಿದೆ, ಚಿಂತೆಯಿಲ್ಲ.

ಡಿಸೆಂಬರ್ 4

ಮಳೆ ನಿಂತಿತು. ಏಣಿ ಹಾಕಿ ನೋಡಿದರೆ ಮಾಳಿಗೆಯ ಮೇಲೆ ಹಿಮ್ಮಡಿ ಮುಳುಗುವಷ್ಟು ನೀರು. ದೋಣಿಯ ಬಾಯಿ ನನ್ನ ಮಣ್ಣಿನಿಂದಲೇ ಕಟ್ಟಿತ್ತು. ಕೋಲು ಹಾಕಿ ಬಿಡಿಸಿದೆ. ನೀರು ಹೋಯಿತು. ಹೊರಗೋಡೆ ಕಲ್ಲಿನದು, ಸರಿಯಾಗೇ ಕಾಣುತ್ತದೆ.

ವಿಜಯಾಬಾಯಿ ಬಿಡಲಿಲ್ಲ. "ಬಾಗಿಲಾ ತಗದು ಒಮ್ಮೆ ನೋಡ್ರಿ. ಇಷ್ಟು ನೀರು ನಿಂತದ, ಒಳಗ ಇಳೀದೇ ಇರ್ತದೇನು?"

"ಒಳಗ ಹೋದ್ರ ಮತ್ತ ಸ್ನಾನ ಮಾಡಬೇಕು. ಈ ಥಂಡಿಯೊಳಗ?"

"ಕೀಲಿ ಕೊಡ್ರಿ. ನಾ ಹೋಗಿ ಬರ್ತೀನಿ."

"ಬ್ಯಾಡ."

ಊಟಕ್ಕೆ ಬಡಿಸಿದಳು.

ಡಿಸೆಂಬರ್ 17

ಧನುರ್ಮಾಸ ಹಿಡಿದಿದೆ. ನಸುಕಿನಲ್ಲೇ ತಣ್ಣೀರು, ಪೂಜೆ, ಹುಗ್ಗಿಯ ನೈವೇದ್ಯ. ಬೆರಳು ಮಡಚಲು ಬರುವುದಿಲ್ಲ. ಇನ್ನು ಒಂದು ತಿಂಗಳು ಆ ಮನೆಯ ಮಾತೇ ಇಲ್ಲ. ಮಡಿ ಕೆಡುತ್ತದೆ.

ಕೀಲಿ ಪಂಚಾಂಗದ ಪಕ್ಕದ ಮೊಳೆಗೆ ತೂಗುತ್ತಿದೆ. ತಿಥಿ ನೋಡುವಾಗೆಲ್ಲ ಕಣ್ಣಿಗೆ ಬೀಳುತ್ತದೆ.

ಡಿಸೆಂಬರ್ 29

ಪುಣೆಯಿಂದ ಬುಗ್ಗಮ್ಮನ ಫೋನು. ಹಿಂದೆ ಕಾಂಕ್ರೀಟ್ ಮಿಕ್ಸರಿನ ಗರಗರ.

"ಆಚಾರ್ರ, ಅಲ್ಲಿ ಮಳಿ ಬಂದಿತ್ತಂತ. ಗ್ವಾಡಿ ಹೆಂಗೈತ್ರಿ?"

"ಛಲೋ ಅದ."

"ಒಳಗ ಹೋಗಿ ನೋಡೀರೇನ್ರಿ?"

"ನೋಡೀನವ್ವ."

ಆಮೇಲೆ ದನಿ ತಗ್ಗಿಸಿ, "ಹಂಗಾದ್ರ ಓದೀರಿ. ಏನು ಬರದಾಳ್ರಿ?"

"ಬಂದಾಗ ಹೇಳ್ತೀನಿ. ಫೋನಿನ್ಯಾಗ ಬ್ಯಾಡ."

"ಆತ್ರಿ. ಅಷ್ಟು ದಿನ ತಡಕೋತೀನಿ."

ವಿಜಯಾಬಾಯಿ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು.

ಡಿಸೆಂಬರ್ 30

ನೋಡೀನಿ ಎಂದೆ. ಯಾಕೆ ಎಂದೆ?

ಜನವರಿ 11

ದ್ವಾದಶಿ. ಪಾರಣೆ ಆಯಿತು, ರುಚಿ ಹತ್ತಲಿಲ್ಲ. ನಾಡಿದ್ದು ಬರುತ್ತಾರಂತೆ. ನಾಳೆ ಹೋಗಲೇಬೇಕು.

ಜನವರಿ 12. ಸಂಜೆ

ಹೋದೆ.

ಬಾಗಿಲು ಉಬ್ಬಿ ಕೂತಿತ್ತು. ಹೆಗಲು ಕೊಟ್ಟು ನೂಕಿದೆ. ಕತ್ತಲೆ, ಬೂಷ್ಟಿನ ವಾಸನೆ. ಹೊರಗೆ ಬಂದು, ಮಾಳಿಗೆ ಹತ್ತಿ, ಬೆಳಕಿಂಡಿಯ ಬಂಡೆ ಸರಿಸಿ, ಮತ್ತೆ ಒಳಗೆ ಹೋದೆ. ಆಗ ಕಂಡಿತು.

ದೋಣಿಯ ಕಡೆಯ ಗೋಡೆ. ನೀರು ಅದೇ ಗೋಡೆಗುಂಟ ಇಳಿದಿದೆ. ಗಾಳಿಯಾಡದೆ ನಲವತ್ತು ದಿನ ಹಸಿಯಾಗೇ ನಿಂತಿದೆ. ಸುಣ್ಣವೆಲ್ಲ ಹಕ್ಕಳೆಯೆದ್ದು ಉದುರಿ ಕೆಳಗೆ ರಾಶಿ. ಮಗುವಿನ ಎತ್ತರದಲ್ಲಿ, ಎಡಕ್ಕೆ, ಒಂದೇ ಒಂದು ಮಾತು ಉಳಿದಿದೆ: "ನಮ್ಮವ್ವ". ನಾನು ಕಲಿಸಿದ ದುಂಡಗಿನ ಅಕ್ಷರ. ಅದರ ಮುಂದೆ ಬರೀ ಮಣ್ಣು.

ನಮ್ಮವ್ವ ಏನು? ಹೊಡೆದಳು ಅಂತಲೋ. ಒಳ್ಳೆಯವಳು ಅಂತಲೋ.

ಎಷ್ಟು ಹೊತ್ತು ನಿಂತಿದ್ದೆನೋ. ವಿಜಯಾಬಾಯಿ ಮೊರ ಹಿಡಿದು ಬಂದಳು, ನನ್ನನ್ನು ಕೇಳಲಿಲ್ಲ. ನೆಲದಲ್ಲಿ ಕೂತು ಕಪ್ಪು ಗೆರೆಯಿದ್ದ ಚೂರುಗಳನ್ನು ಆರಿಸಿ ಮೊರದಲ್ಲಿ ಜೋಡಿಸತೊಡಗಿದಳು. ನಾನೂ ಕೂತೆ. ಮುಟ್ಟಿದರೆ ಹಿಟ್ಟಾಗುತ್ತವೆ. ಬಿಸಿಲು ಇಳಿಯುವ ತನಕ ಜೋಡಿಸಿದೆವು. ಒಂದಕ್ಕೊಂದು ಕೂಡಲಿಲ್ಲ.

"ನಾಕು ಸಾಲು ಇದ್ವು ಅನಸ್ತದ," ಎಂದಳು.

"ನಮ್ಮವ್ವ ಬಾಳ ಒಳ್ಳೇಕಿ ಅಂತ ಬರದಿತ್ತು ಅಂತೀನಿ. ಆಕೀ ಜೀವಕ್ಕ ಸಮಾಧಾನ ಆಗ್ತದ," ಎಂದೆ.

"ನೀವು ಓದೀರೇನು?"

ಮೊರ ಎತ್ತಿ ಗೋಡೆಯ ಬುಡಕ್ಕೆ ಇಟ್ಟೆ.

ಇಲ್ಲಿ ಬರೆದಿಡುತ್ತೇನೆ, ಯಾರೂ ಓದುವುದಿಲ್ಲ. ಚಳಿಯಲ್ಲ. ಧನುರ್ಮಾಸವೂ ಅಲ್ಲ. ಆಷಾಢದಲ್ಲಿ ಯಾವ ಧನುರ್ಮಾಸವಿತ್ತು? ಆ ಗೋಡೆಯ ಈಚೆ ನಲವತ್ತು ವರ್ಷ ಪೂಜೆ ಮಾಡಿದೆ, ಆಚೆ ಒಮ್ಮೆಯೂ ಕಾಲಿಡಲಿಲ್ಲ. ಇಡುವ ಮನಸ್ಸೇ ಇರಲಿಲ್ಲ. ಮಾಳಿಗೆಯ ಮೇಲೆ ಹತ್ತು ಸಲ ಓಡಾಡಿದೆ, ಬಾಗಿಲು ಮಾತ್ರ ತೆಗೆಯಲಿಲ್ಲ. ನಾಚಿಕೆಯಾಗುತ್ತದೆ.

ಮನೆಗೆ ಬಂದೆ. ಸ್ನಾನ ಮಾಡಲಿಲ್ಲ.

ಜನವರಿ 13. ಬೆಳಿಗ್ಗೆ 10

ಬಂದರು. ಬಸ್ಸಿಳಿದು ನೇರ ಗುಡಿಗೇ. ಬುಗ್ಗಮ್ಮ ಇಳಿದುಹೋಗಿದ್ದಾಳೆ, ಕೈಯೆಲ್ಲ ಸಿಮೆಂಟಿಗೆ ಒಡೆದಿದೆ. ಸಾಯಣ್ಣನ ಕೈಯಲ್ಲಿ ಕಂಬಳಿ ಸುತ್ತಿದ ದೊಡ್ಡ ಹಲಗೆಯಂಥದ್ದು. ಮೆಲ್ಲಗೆ ಇಳಿಸಿ, ಕಟ್ಟೆಗೆ ಒರಗಿಸಿ, ಕಂಬಳಿ ಬಿಡಿಸಿದ. ಗಾಜು.

"ಮೇಸ್ತ್ರಿ ಕೊಟ್ಟಾನ್ರಿ," ಎಂದ. "ಝಾನ್ಸಿ ಬರದದ್ರ ಮ್ಯಾಲ ಕೂಡ್ಸಿಬಿಡ್ತೀವಿ. ಇನ್ನ ಮಳಿ ಬರ್ಲಿ, ಥಂಡಿ ಬರ್ಲಿ, ಏನೂ ಆಗಂಗಿಲ್ಲ. ರೈಲಿನ್ಯಾಗ ರಾತ್ರಿಯೆಲ್ಲ ತೊಡಿಮ್ಯಾಲ ಇಟ್ಕೊಂಡು ಬಂದೀವ್ರಿ, ಎಲ್ಲೀ ಒಡದಿಲ್ಲ."

ಮೊಳೆಯಿಂದ ಕೀಲಿ ತೆಗೆದು ತಂದೆ. ಈ ಸಲ ಕಟ್ಟೆಯ ಮೇಲೆ ಇಡಲಿಲ್ಲ, ಕೈ ಚಾಚಿ ಕೊಡಹೋದೆ. ಬುಗ್ಗಮ್ಮ ತೆಗೆದುಕೊಳ್ಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಕಟ್ಟೆಯ ಕೆಳಗೆ ಕೂತಳು, ಝಾನ್ಸಿ ಪಾಟಿ ಹಿಡಿದು ಕೂಡುತ್ತಿದ್ದ ಜಾಗದಲ್ಲೇ.

"ಕೀಲಿ ಇರ್ಲಿ ಬಿಡ್ರಿ ಆಚಾರ್ರ. ಮೊದ್ಲು ಹೇಳ್ರಿ. ಏನು ಬರದಿತ್ತು ನನ್ನ ಕೂಸು?"

ವಿಜಯಾಬಾಯಿ ಬಾಗಿಲಿಗೆ ಬಂದು ನಿಂತಳು. ನಾನು ಬಾಯಿ ತೆರೆದೆ. "ನಮ್ಮವ್ವ..." ಎಂದೆ. ಬುಗ್ಗಮ್ಮನ ಮುಖ ಅರಳಿತು. ಮುಂದಿನದಕ್ಕೆ ಕಾಯುತ್ತ ನನ್ನನ್ನೇ ನೋಡಿದಳು. ಆಗ ನಾನು ಕಟ್ಟೆ ಇಳಿದು ಅವಳೆದುರು ನೆಲಕ್ಕೆ ಕೂತು, "ಅಷ್ಟೇ ಉಳದದವ್ವ, ಮುಂದಿಂದು ನನ್ನ ಮಣ್ಣಿನಿಂದ ನೀರು ನಿಂತು ಉದುರಿ ಹೋಗೇದ, ನೋಡೀನಿ ಅಂದದ್ದು ಸುಳ್ಳು," ಎಂದೆ.