ಹೇಳಿಕೆ ಕೊಡದ ನಾದಿನಿ

ವಿಮಾ ಕಂಪನಿಯ ಕ್ಲೇಮು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಹಾಗೆಂದೇ ಕರೆದಿದ್ದೇನೆ, ನಮ್ಮ ಅರ್ಜಿಯನ್ನು ಅಮಾನ್ಯ ಮಾಡಿದವರು ನೀವೇ ಆದರೂ. ನನ್ನ ಸೊಸೆಯ ಮೇಲೆ ಕೋರ್ಟಿನಲ್ಲಿ ದಾವೆ ಬಿದ್ದಿದೆ. ಅವಳ ಅಂಗಡಿಯಿಂದಾಗಿ ಯಾರಿಗಾದರೂ ಪೆಟ್ಟಾಗಿ ಅವರು ಕೋರ್ಟಿಗೆ ಹೋದರೆ ವಕೀಲರನ್ನು ಕಳಿಸಿ ನಿಮ್ಮ ಪರ ನಿಲ್ಲುತ್ತೇವೆ ಎಂದು ಪಾಲಿಸಿ ಮಾರಿದವರು ನೀವು. ಈಗ ಬರುವುದಿಲ್ಲ ಎನ್ನುತ್ತೀರಿ. ಕಾರಣ, ಸೊಸೆಯ ನಾದಿನಿ ಬೇಕೆಂದೇ ಒಬ್ಬರ ಮೇಲೆ ಬಿದ್ದಳಂತೆ. ಬೇಕೆಂದು ಮಾಡಿದ್ದಕ್ಕೆ ವಿಮೆ ಇಲ್ಲವಂತೆ.

ಮಾನ್ಯರೇ, ನಮ್ಮ ನಾದಿನಿ ಬೊಂಬೆ. ಸೊಸೆಯ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಹೊಸ ಬಟ್ಟೆ ತೊಟ್ಟು ನಿಲ್ಲುವ ಫೈಬರ್ ಬೊಂಬೆ. ದಿನವಿಡೀ ಸಿಂಗರಿಸಿಕೊಂಡು ನಿಂತಿರುತ್ತಾಳೆ, ಒಂದು ಗುಂಡಿ ಹೊಲಿಯುವುದಿಲ್ಲ ಎಂದು ಸೊಸೆ ಅವಳಿಗೆ ಆ ಹೆಸರಿಟ್ಟಳು. ನಿವೃತ್ತ ಹೆಡ್‌ಮಾಸ್ತರೊಬ್ಬರು ಕನ್ನಡಕ ಒರೆಸುತ್ತಾ ಒಳಗೆ ಬಂದು, "ಸ್ವಲ್ಪ ಜರುಗಮ್ಮ" ಎಂದರು. ಜರುಗಲಿಲ್ಲ. ಮಾತು ಕೇಳದವರನ್ನು ಅವರು ಜನ್ಮದಲ್ಲಿ ಕಂಡವರಲ್ಲ. ಮೊಣಕೈಯಿಂದ ಸರಿಸಿದರು, ನಾದಿನಿ ಮೈಮೇಲೇ ಒರಗಿದಳು, ಇಬ್ಬರೂ ನೆಲಕ್ಕೆ. ಅವರ ಮಣಿಕಟ್ಟು ಮುರಿದದ್ದು ನಿಜ, ಅದಕ್ಕೆ ನನಗೆ ಮರುಕವಿದೆ. ದಾವೆ ಹಾಕಿದವರೂ ಅವರೇ, ತಪ್ಪು ಯಾರದೆಂದು ಕೋರ್ಟು ಹೇಳಲಿ.

ಆಮೇಲೆ ನಿಮ್ಮ ವಿಚಾರಣೆಯವರು ಬಂದರು.

"ಅಂಗಡೀಲಿ ಯಾರ್ಯಾರಿದ್ರಿ ಅಜ್ಜಿ?"

"ನಾನು, ಸೊಸೆ, ನಾದಿನಿ."

"ಮೇಷ್ಟ್ರ ಮೇಲೆ ಬಿದ್ದಿದ್ಯಾರು?"

"ಇನ್ಯಾರು, ನಾದಿನೀನೇ."

"ಜರುಗು ಅಂತ ಹೇಳಿದ್ರಂತಲ್ಲ?"

"ಹೇಳಿದ್ರೆ ಕೇಳೋಳಾ ಅವಳು?"

"ಅವರನ್ನೂ ಒಂದ್ಮಾತು ಕೇಳ್ಬೇಕಿತ್ತು."

"ಕೇಳಿ. ಬಾಯಿ ಬಿಡಲ್ಲ ಅವಳು."

ಇಷ್ಟನ್ನೂ ಬರೆದುಕೊಳ್ಳುವಾಗ ಆ ಪುಣ್ಯಾತ್ಮ ತನ್ನ ಚೀಲ ತಗುಲಿಹಾಕಿದ್ದು ಆರೋಪಿಯ ಕೈಗೇ. ನಿಮ್ಮ ಪತ್ರದಲ್ಲಿ ಈಗ ಹೀಗಿದೆ: "ಮಾಲೀಕರ ನಾದಿನಿಯು ಉದ್ದೇಶಪೂರ್ವಕವಾಗಿ ಬಿದ್ದಿದ್ದು, ಹೇಳಿಕೆ ನೀಡಲು ನಿರಾಕರಿಸಿರುತ್ತಾರೆ." ಸೊಸೆಯ ನಾದಿನಿ ಎಂದರೆ ನನ್ನ ಮಗಳಾಗಬೇಕು. ನಾನು ಹೆತ್ತದ್ದು ಒಬ್ಬ ಮಗನನ್ನು ಮಾತ್ರ. ಈ ವಯಸ್ಸಿನಲ್ಲಿ ನೋವಿಲ್ಲದೆ, ಹೆರಿಗೆ ಆಸ್ಪತ್ರೆಯಿಲ್ಲದೆ, ಬೆಳೆದು ನಿಂತ ಮಗಳನ್ನು ಕರುಣಿಸಿದ್ದೀರಿ.

ಸೊಸೆ ಬೊಂಬೆಯನ್ನು ಆಟೋದಲ್ಲಿ ಕೂರಿಸಿಕೊಂಡು ನಿಮ್ಮ ಕಚೇರಿಗೇ ಬಂದಳು. ಕೌಂಟರಿನವರು ಸಭ್ಯರು. "ಬೊಂಬೆ ಅಂತ ನಮಗೂ ಕಾಣುತ್ತಮ್ಮ. ಆದ್ರೆ ಫೈಲಲ್ಲಿ ಹೆಂಗಸು ಅಂತಿದೆ. ಕೋರ್ಟಲ್ಲಿ ಸಾಬೀತು ಮಾಡ್ಕೊಂಡು ಬನ್ನಿ, ಆಮೇಲೆ ವಕೀಲರನ್ನ ಕಳಿಸ್ತೀವಿ" ಎಂದರು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಕೇಳುತ್ತೇನೆ, ಸಾಬೀತು ಮಾಡುವುದಕ್ಕೇ ಅಲ್ಲವೇ ವಕೀಲರು ಬೇಕಾದದ್ದು? ದಡ ಸೇರಿ ಬನ್ನಿ, ಆಮೇಲೆ ದೋಣಿ ಕೊಡುತ್ತೇವೆ ಎನ್ನುವ ಅಂಬಿಗನುಂಟೇ? ಬೇಕೆಂದೇ ಮಾಡಿದ್ದೋ ಅಲ್ಲವೋ ಎನ್ನಲು ನ್ಯಾಯಾಧೀಶರಿದ್ದಾರೆ. ಅವರು ಕುರ್ಚಿಗೆ ಬರುವ ಮೊದಲೇ ನೀವು ತೀರ್ಪು ಬರೆದರೆ ಪಾಪ ಅವರು ಬಂದು ಏನು ಮಾಡಬೇಕು? ಪರಿಹಾರ ನೀವು ಕಟ್ಟಬೇಕೋ ಬೇಡವೋ, ಅದು ತೀರ್ಪಿನ ಮೇಲಿನ ಮಾತು. ಬಂದು ನಿಲ್ಲುತ್ತೇವೆಂದದ್ದು ಅದಕ್ಕೂ ಮೊದಲಿನ ಮಾತು. ಎರಡನ್ನೂ ಒಂದೇ ಸೂಜಿಗೆ ಪೋಣಿಸಬೇಡಿ.

ನನಗೆ ನಗು ಬರುತ್ತಿದೆ, ಸೊಸೆಗೆ ಬರುತ್ತಿಲ್ಲ. ಕೇಸು ಸೋತರೆ ಅಂಗಡಿ ಹೋಗುತ್ತದೆ. ಮೊನ್ನೆ ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದಳು. ಕಟಕಟೆಯಲ್ಲಿ ಒಬ್ಬಳೇ ನಿಂತು ಏನು ಹೇಳಲತ್ತೆ ಎನ್ನುತ್ತಾಳೆ.

ಆದ್ದರಿಂದ ಬರುವ ಸೋಮವಾರ ಕೋರ್ಟಿಗೆ ನಿಮ್ಮ ವಕೀಲರು ಬರಬೇಕು. ಬರದಿದ್ದರೂ ಚಿಂತೆಯಿಲ್ಲ. ಸೊಸೆಗೆ ಕರಿ ಕೋಟು ಹೊಲಿಯಲು ಹೇಳಿದ್ದೇನೆ, ಅಳತೆ ನಾದಿನಿಯದು. ಅವಳಿಗೆ ವಾದ ಮಾಡಲು ಬರುವುದಿಲ್ಲ, ಒಪ್ಪಿದೆ. ಆದರೆ ನಿಲ್ಲಿಸಿದ ಕಡೆ ನಿಲ್ಲುತ್ತಾಳೆ.

ಇಂತಿ,
ನೀವು ಕರುಣಿಸಿದ ಫೈಬರ್ ಮಗಳ ತಾಯಿ